ಹೋತದ ಅಂಬಾರಾಯ

ಕೊಡ್ಲಿ ಊರಿನ ಅಂಬಾರಾಯ ಬರುತ್ತಿದ್ದಾನೆಂದು ಯಾರೂ ಹೇಳಬೇಕಿಲ್ಲ, ಗಾಳಿಯೇ ಹೇಳುತ್ತದೆ. ಹೋತ ಸಾಕಿ ಸಾಕಿ ಅವನ ಕಂಬಳಿ, ಮೀಸೆ, ಕೊನೆಗೆ ಬೀಡಿಯ ಹೊಗೆ ಕೂಡ ಹೋತದ ಹಾಗೆಯೇ ನಾರುತ್ತವೆ. ಚಂದಾಪುರದ ಬಸ್ಸಿನಲ್ಲಿ ಕಂಡಕ್ಟರ್ "ಹಿಂದ ಹೋಗ್ರಿ ಕಾಕಾ" ಅನ್ನುವ ಮೊದಲೇ ಅವನು ಹಿಂದಿನ ಕಿಟಕಿ ಸೇರಿರುತ್ತಾನೆ. ಪಕ್ಕದ ಸೀಟು ಎಂದೂ ತುಂಬಿದ್ದಿಲ್ಲ. ಆದರೆ ಆಡುಗಳು ಬೆದೆಗೆ ಬಾರದಿದ್ದರೆ ಜನ ಅವನನ್ನೇ ಹುಡುಕಿಕೊಂಡು ಹೋಗುತ್ತಾರೆ. ಅವನು ಮೊದಲಿಗೆ ಹೋತವನ್ನು ಒಯ್ಯುವುದಿಲ್ಲ. ಅದರ ಕೊಂಬಿನ ಬುಡಕ್ಕೆ ತಿಕ್ಕಿದ ಹಳೆಯ ಧೋತರದ ತುಂಡನ್ನು ದೊಡ್ಡಿಯ ಗೂಟಕ್ಕೆ ಕಟ್ಟಿ, "ಇನ್ನ ನೀವು ಸುಮ್ಮ ಕುಂದ್ರಿ, ಅವಕ್ಕ ತಿಳೀತದ" ಎನ್ನುತ್ತಾನೆ. ಆ ವಾಸನೆ ಮೂಗಿಗೆ ಬಿದ್ದ ಕೆಲವೇ ದಿನಗಳಲ್ಲಿ ಆಡುಗಳು ಬಾಲ ಅಲ್ಲಾಡಿಸುತ್ತ, ಅರಚುತ್ತ ಗೂಟವನ್ನು ಸುತ್ತತೊಡಗುತ್ತವೆ. ಆಗ ಬರುತ್ತದೆ ಹೋತ, ಮದುಮಗನ ಗತ್ತಿನಲ್ಲಿ. ಅಂಬಾರಾಯನಿಗೆ ಮಾತ್ರ ಚಹಾ ಅಂಗಳದಾಚೆಗೇ. ಅವನಿಗೆ ಅದರ ಬೇಸರವಿಲ್ಲ. ಸ್ವಂತ ಹೆಂಡತಿ ನೀಲಾಬಾಯಿಯೂ ಅವನನ್ನು ಹಾಗೇ ಒಳಗೆ ಬಿಟ್ಟವಳಲ್ಲ. ಬಾಗಿಲ ಹೊರಗೆ ಬಿಸಿನೀರು, ಸಾಬೂನು ಇಟ್ಟು, ಮೂಗಿಗೆ ಸೆರಗು ಹಿಡಿದು, "ಜಳಕ ಮಾಡಿ ಬರ್ರಿ, ನಾ ಏನ್ ನಿಮ್ಮ ದೊಡ್ಡ್ಯಾಗಿನ ಆಡೇನ್ರಿ" ಎನ್ನುತ್ತಿದ್ದಳು. ಹೋದ ಬೇಸಿಗೆಯಲ್ಲಿ ಅವಳು ತೀರಿಕೊಂಡಳು. ಈಗ ಆ ಮನೆಯಲ್ಲಿ ಮೂಗು ಮುಚ್ಚುವವರು ಯಾರೂ ಇಲ್ಲ, ಬಾಗಿಲು ತೆರೆದೇ ಇರುತ್ತದೆ. ಅಂಬಾರಾಯ ಇವತ್ತಿಗೂ ಹೊರಗೇ ನಿಂತು ತಣ್ಣೀರು ಸುರಿದುಕೊಂಡು, ಮೈಗೆಲ್ಲ ಸಾಬೂನು ತಿಕ್ಕಿ, ತೋಳು ಮೂಸಿ ನೋಡುತ್ತಾನೆ. ವಾಸನೆ ಇನ್ನೂ ಹೋಗಿಲ್ಲವೆಂದು ಕಟ್ಟೆಯ ಮೇಲೆಯೇ ಮಲಗಿಬಿಡುತ್ತಾನೆ.