ಎಂಟು ಚಿಪ್ಪಿನ ಸೀಸೆ

ಮೊನ್ನೆ ರಕ್ತ ಪರೀಕ್ಷೆಗೆ ಹೋಗಿದ್ದೆ. ನರ್ಸ್ ಹುಡುಗಿ ತೋಳಿಗೆ ಸ್ಪಿರಿಟ್ ಒರೆಸಿದಳು. ಆ ವಾಸನೆಗೆ ಹುಣಸೂರಿನ ನಮ್ಮ ಹೈಸ್ಕೂಲಿನ, ಸ್ಪಿರಿಟ್ ಸೀಸೆಗಳಲ್ಲಿ ಹುಳುಹುಪ್ಪಟೆ ಇಟ್ಟಿದ್ದ ಗಾಜಿನ ಬೀರು ಕಣ್ಣ ಮುಂದೆ ಬಂತು. ಅದರ ಹಿಂದೆಯೇ ನಮ್ಮ ಸೈನ್ಸ್ ಮೇಷ್ಟ್ರು... ಎಷ್ಟು ವರ್ಷವಾದರೂ ಮೊದಲು ಬರುವುದು ಕೋಪವೇ, ಏನು ಮಾಡಲಿ.

ಐವತ್ತರ ದಶಕ. ಕಡಲನ್ನೇ ಕಾಣದವರು ನಾವು. ಮೇಷ್ಟ್ರು ಒಂದು ಬಸ್ಸು ಗೊತ್ತು ಮಾಡಿ, ವಿರಾಜಪೇಟೆ ದಾಟಿಸಿ, ತಲಚೇರಿಯ ಬಂಡೆಗಳ ಹತ್ತಿರ ನಮ್ಮನ್ನು ಇಳಿಸಿದರು. ಹೆಣ್ಣುಮಗಳನ್ನು ಅಷ್ಟು ದೂರ ಕಳಿಸುವುದೇ ಎಂದು ಮನೆಯಲ್ಲಿ ದೊಡ್ಡ ರಂಪವಾಗಿತ್ತು. "ಏನಾದ್ರೂ ಹಿಡಿದು ತಂದ್ರೆ ಸೀಸೆ ಮೇಲೆ ನಿಮ್ಮ ಮಗಳ ಹೆಸರೇ ಬರುತ್ತೆ ಕಣ್ರೀ" ಎಂದು ಮೇಷ್ಟ್ರು ಮಾತು ಕೊಟ್ಟ ಮೇಲೆ ಅಪ್ಪ ಒಪ್ಪಿದ್ದ.

ನೀರು ಇಳಿದ ಹೊತ್ತು. ಕಲ್ಲು ಮಗುಚಿ ನೋಡಬೇಕು, ನೋಡಿದ ಮೇಲೆ ಇದ್ದ ಹಾಗೇ ಮುಚ್ಚಬೇಕು ಎಂದಿದ್ದರು. ಲಂಗ ಎತ್ತಿ ಕಟ್ಟಿ ಎಷ್ಟೋ ಕಲ್ಲು ಮಗುಚಿದೆ. ಕೊನೆಗೆ ಒಂದರ ಅಡಿಯಲ್ಲಿ, ಕಲ್ಲಿನದೇ ಬಣ್ಣದ, ಹೆಬ್ಬೆರಳುದ್ದದ ಏನೋ ಕಚ್ಚಿಕೊಂಡು ಕೂತಿತ್ತು.

"ಬೆನ್ನ ಮೇಲೆ ಎಷ್ಟು ಚಿಪ್ಪಿದೆ, ಎಣಿಸಮ್ಮ" ಎಂದರು ಮೇಷ್ಟ್ರು.

ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು, ಎಂಟು. ಸುತ್ತ ತೊಗಲಿನ ಅಂಚು.

"ಎಂಟಿದ್ರೆ ಕೈಟನ್, ಬಸವನಹುಳದ ಕಡಲ ನಂಟ. ಎರಡನೇ ಮಾತೇ ಇಲ್ಲ!" ಮೇಷ್ಟ್ರು ನೀರಿನಲ್ಲೇ ಕುಣಿದುಬಿಟ್ಟರು.

ಕಲ್ಲಿನಿಂದ ಬಿಡಿಸಿದರೆ ಅದು ಮುದುಡಿ ಉಂಡೆಯಾಗುತ್ತದೆ. ಆಮೇಲೆ ಗುರುತು ಹಿಡಿಯುವುದು ಕಷ್ಟ. ಹಾಗಾಗಿ ಬಿಡಿಸಿದ ಕೂಡಲೇ ಕಡ್ಡಿಗೆ ಚಪ್ಪಟೆಯಾಗಿ ಕಟ್ಟಿ ಸ್ಪಿರಿಟ್ ಸೀಸೆಗೆ ಇಳಿಸಬೇಕು. ಮೇಷ್ಟ್ರು ಕಟ್ಟಿದ ದಾರ ಜಾರಿತು. ನಾನು ಮನೆಯಲ್ಲಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ ಪಳಗಿದವಳು. ಅದೇ ಗಂಟು ಹಾಕಿಕೊಟ್ಟೆ.

ಶಾಲೆಯ ವಿಜ್ಞಾನ ಪ್ರದರ್ಶನದ ಹಿಂದಿನ ದಿನ ಅವರು ನನ್ನನ್ನು ಕರೆದು ಸೀಸೆಗೆ ಅಂಟಿಸುವ ಚೀಟಿ ಮುಂದಿಟ್ಟರು. "ನಿನ್ನ ಅಕ್ಷರ ದುಂಡಗಿದೆ, ನೀನೇ ಬರಿ." ಕೈಟನ್, ತಲಚೇರಿ ಎಂದು ಬರೆದೆ. 'ಹಿಡಿದವರು' ಎಂಬಲ್ಲಿ ಅವರು ಹೇಳಿದ್ದು, ಶಾಲೆಗೆ ಆ ಗಾಜಿನ ಬೀರು ಮಾಡಿಸಿಕೊಟ್ಟ ಸಾಹುಕಾರರ ಮಗನ ಹೆಸರು. ದಾರಿಯುದ್ದಕ್ಕೂ ವಾಂತಿ ಮಾಡಿ, ಬಸ್ಸಿನಿಂದ ಇಳಿಯದೇ ಮಲಗಿದ್ದ ಪುಣ್ಯಾತ್ಮ! ನಾನು ಮೇಷ್ಟ್ರ ಮುಖ ನೋಡಿದೆ. ಅವರು ಕಿಟಕಿಯ ಕಡೆ ನೋಡುತ್ತಾ "ಬರಿಯಮ್ಮ" ಎಂದರು. ಬರೆದೆ... ಮೇಷ್ಟ್ರು ಹೇಳಿದ್ದನ್ನು ಬರೆಯುವುದು ಬಿಟ್ಟರೆ ನನಗೆ ಬೇರೇನು ಗೊತ್ತಿತ್ತು.

ಮರುದಿನ ಅಪ್ಪ ಪಿರಿಯಾಪಟ್ಟಣದ ಕಡೆಯ ನಮ್ಮ ಹಳ್ಳಿಯಿಂದ ಒಗೆದ ಪಂಚೆ ಉಟ್ಟು ಬಂದ. ಮೇಷ್ಟ್ರು ಬೀರಿನ ಪಕ್ಕದಲ್ಲೇ ನಿಂತಿದ್ದರು. ಅಪ್ಪ ಅಕ್ಷರ ಕೂಡಿಸಿ ಕೂಡಿಸಿ ಚೀಟಿ ಓದಿದ. ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ಸೀಸೆಯೊಳಗೆ ನೋಡಿದ.

"ಗಂಟು ನಮ್ಮನೇದು. ಅಕ್ಸರ ನಿಂದು. ಎಸ್ರು ಯಾರ್ದು ಮಗಾ?"

ಮೇಷ್ಟ್ರಿಗೆ ಕೇಳಿಸಿತು. ಕೇಳಿಸದವರ ಹಾಗೆ, ಸಾಹುಕಾರರನ್ನು ಎದುರುಗೊಳ್ಳಲು ಬಾಗಿಲ ಕಡೆ ನಡೆದರು. ನಾನು ಅಪ್ಪನ ಕೈ ಹಿಡಿದು ಹೊರಗೆ ಕರೆತಂದೆ. ಆ ಬೀರಿನ ಹತ್ತಿರ ಆಮೇಲೆ ನಾನು ಹೋಗಲೇ ಇಲ್ಲ.

ಈಗ ಅಪ್ಪ ಇಲ್ಲ, ಮೇಷ್ಟ್ರೂ ಇಲ್ಲ. ಕಲ್ಲಿನ ಅಡಿ ಬಗ್ಗಿ ನೋಡುವುದನ್ನು ಕಲಿಸಿದವರು ಮೇಷ್ಟ್ರೇ, ಅದನ್ನು ನೆನೆದು ಅತ್ತಿದ್ದೇನೆ. ಕ್ಷಮಿಸಲು ಮಾತ್ರ ಆಗಲಿಲ್ಲ...

ನರ್ಸ್ ರಕ್ತ ತುಂಬಿದ ಪುಟ್ಟ ಸೀಸೆಗೆ ಚೀಟಿ ಅಂಟಿಸಿ, "ಎಸ್ರು ಏಳಿ ಅಜ್ಜಿ, ಬರ್ಕೋತೀನಿ" ಎಂದಳು.

"ಪೆನ್ನು ಕೊಡವ್ವ" ಎಂದೆ. "ನಾನೇ ಬರೀತೀನಿ."