ರಿಟೈರ್ ಆಗೋ ಮುಂಚೆ ಅಮ್ಮ ಎಡಗಡೆ ಕೊಟ್ಟ ಹೂವು

ಅಮ್ಮನನ್ನ ನಂಬಿರೋ ಎಲ್ಲರಿಗೂ ಭದ್ರಾವತಿ ಜನ್ನಾಪುರದಿಂದ ನಮಸ್ಕಾರ. ಸ್ವಲ್ಪ ಉದ್ದ ಇದೆ, ಓದಿ. ನಿಮ್ಮನೇಲೂ ಯಾರಾದ್ರೂ ರಿಟೈರ್ ಆಗೋರು ಇರ್ತಾರೆ.

ನಮ್ಮನೆಯವರ ಎದೇಲಿ ಸ್ಟೆಂಟ್ ಇದೆ. ಕೆಲವು ವರ್ಷದ ಹಿಂದೆ ಹಾಕಿದ್ದು. ಆಗ ಫ್ಯಾಕ್ಟರಿಯ ಇನ್ಶೂರೆನ್ಸ್ ಇತ್ತು. ಆಸ್ಪತ್ರೇಲಿ ಕಾರ್ಡ್ ತೋರಿಸಿದ್ವಿ, ಮನೆಗೆ ಬಂದ್ವಿ, ಅಷ್ಟೇ. ಆ ಕಾರ್ಡ್ ಏನು ಅಂತ ಅರ್ಥ ಆಗಿದ್ದು ಹೋದ ವರ್ಷ ನವರಾತ್ರಿ ಕಳೆದ ಮೇಲೆ. ರಿಟೈರ್ ಆಗೋಕೆ ಎರಡು ತಿಂಗಳಿತ್ತು. ಡ್ಯೂಟಿ ಮುಗಿಸಿ ಬಂದು ಶೂ ಬಿಚ್ತಾ, "ಕೆಲಸ ಬಿಟ್ಟ ದಿನವೇ ಇನ್ಶೂರೆನ್ಸೂ ಬಂದ್ ಅಂತೆ ಕಣೆ" ಅಂದ್ರು. ನಾಳೆ ನೀರು ಬರಲ್ಲ ಅನ್ನೋ ಹಾಗೆ ಹೇಳಿದ್ರು. ನಾನು ಚಪಾತಿ ಲಟ್ಟಿಸೋದು ನಿಲ್ಲಿಸಿದೆ.

ಗಟ್ಟಿಮುಟ್ಟಾಗಿರೋರಿಗೆ ಇನ್ಶೂರೆನ್ಸ್ ಮಾರೋಕೆ ದಿನಾ ಫೋನ್ ಮಾಡ್ತಾರೆ. ಊಟಕ್ಕೆ ಕೂತಾಗ, ಬಸ್ಸಲ್ಲಿ ನೇತಾಡ್ತಿರೋವಾಗ. ಸ್ಟೆಂಟ್ ಅಂತ ಒಂದು ಮಾತು ಅಂದ್ನೋ, "ಮತ್ತೆ ಕಾಲ್ ಮಾಡ್ತೀವಿ ಮೇಡಂ." ಯಾವ ಮತ್ತೆಯೂ ಇಲ್ಲ. ಎಪ್ಪತ್ತು ತುಂಬಿದ್ರೆ ಸರ್ಕಾರದ ಕಾರ್ಡ್ ಸಿಗುತ್ತಂತೆ. ಇವರಿಗೆ ಅರವತ್ತು. ನಡುವಿನ ಹತ್ತು ವರ್ಷ ಹಾರ್ಟಿಗೆ ರಜೆ ಕೊಡ್ಲಾ?

ಕೊನೆಗೆ ಇವರ ಚಿಕ್ಕಪ್ಪನ ಮಗ ಗಿರೀಶ ಬಂದ. ಶಿವಮೊಗ್ಗದಲ್ಲಿ ಏಜೆಂಟ್. ಎರಡು ದಾರಿ ಹೇಳಿದ. ಸ್ಟೆಂಟ್ ಇದೆ ಅಂತ ಹೇಳಿದ್ರೆ ಒಂದೇ ಒಂದು ಪಾಲಿಸಿ ಸಿಗುತ್ತೆ, ಆದ್ರೆ ಮೂರು ವರ್ಷ ಹಾರ್ಟಿನ ಖರ್ಚು ಕೊಡಲ್ಲ. ಇನ್ನೊಂದು ಎಲ್ಲಾ ಕೊಡುತ್ತೆ, ಆದ್ರೆ ಸ್ಟೆಂಟ್ ವಿಷ್ಯ ಬಾಯಿ ಬಿಡಬಾರದು.

"ಸುಳ್ಳು ಹೇಳ್ಬೇಕಾ?" ಅಂದೆ.

"ಸುಳ್ಳಲ್ಲ ಅತ್ತಿಗೆ, ಸುಮ್ನಿರೋದು. ಕೇಳಿದ್ದಕ್ಕೆಲ್ಲ ಉತ್ತರ ಕೊಡೋಕೆ ಅದೇನು ಪರೀಕ್ಷೆನಾ?"

"ಸಿಕ್ಕಿಹಾಕ್ಕೊಂಡ್ರೆ?"

"ಅಣ್ಣನ ಎದೆ ಬಗೆದು ನೋಡ್ತಾರಾ?" ಅಂತ ನಕ್ಕ. ನಮ್ಮನೆಯವರೂ ನಕ್ಕರು. ನನಗೆ ಮೈ ಉರೀತು. ಆದ್ರೆ ನಿಜ ಹೇಳ್ತೀನಿ, ಆ ಮೂರು ವರ್ಷ ನೆನೆಸ್ಕೊಂಡ್ರೆ ಅವನ ಮಾತೇ ಸರಿ ಅನ್ನಿಸ್ತಿತ್ತು.

ಮಂಗಳವಾರ ಬಸ್ ಹತ್ತಿ ಶಿವಮೊಗ್ಗಕ್ಕೆ ಹೋದೆ. ಕೋಟೆ ಕಡೆ ನಮ್ಮಮ್ಮನ ಗುಡಿ ಇದೆ, ಅಲ್ಲಿ ಹೂ ಕೇಳ್ತಾರೆ. ಅಮ್ಮನ ಎರಡೂ ಭುಜಕ್ಕೆ ಪೂಜಾರರು ಒದ್ದೆ ಹೂವು ಅಂಟಿಸ್ತಾರೆ. ನಾವು ಕೇಳಿದ್ದಕ್ಕೆ ಬಲಗಡೆ ಬಿದ್ರೆ ಹೂಂ, ಎಡಗಡೆ ಬಿದ್ರೆ ಬೇಡ. ಕೈ ಮುಗಿದು ಮನಸಲ್ಲೇ ಕೇಳಿದೆ: ಅಮ್ಮಾ, ಇದು ತಗೊಳ್ಲಾ, ಅದು ತಗೊಳ್ಲಾ?

ಹೂವು ಅಲ್ಲಾಡಲಿಲ್ಲ. ಹಿಂದೆ ಲೈನಲ್ಲಿ ಜನ ಗೊಣಗೋಕೆ ಶುರು ಮಾಡಿದ್ರು.

ಪೂಜಾರರು ತಿರುಗಿ ನೋಡಿದ್ರು. "ಏನಮ್ಮಾ ಕೇಳಿದ್ದು?"

ಹೇಳಿದೆ.

"ಅಂಗಡೀಲಿ ಸೀರೆ ಆರಿಸೋ ಹಾಗೆ ಅದೋ ಇದೋ ಅಂತ ಕೇಳಿದ್ರೆ ಅಮ್ಮ ಏನ್ ಹೇಳ್ತಾಳೆ? ಒಂದೇ ವಿಷ್ಯ ಕೇಳು. ಬಾಯಿ ಬಿಟ್ಟು ಕೇಳು."

ಅಷ್ಟು ಜನರ ಎದುರಿಗೆ ನಾಚಿಕೆ ಬಿಟ್ಟು ಜೋರಾಗೇ ಅಂದೆ. "ತಾಯೀ, ನನ್ನ ಗಂಡ ರಿಟೈರ್ ಆಗ್ತಾರೆ. ಹಾರ್ಟ್ ಪೇಷೆಂಟು. ಇನ್ಶೂರೆನ್ಸ್ ಯಾರೂ ಕೊಡ್ತಿಲ್ಲ. ಕಾಯಿಲೆ ಮುಚ್ಚಿಟ್ಟು ಮಾಡಿಸ್ಲಾ?"

ಮಾತು ಮುಗಿಯೋ ಹೊತ್ತಿಗೆ ಎಡಗಡೆ ಹೂವು ಬಿತ್ತು.

ಖುಷಿ ಪಟ್ಟೆ ಅಂದ್ಕೊಂಡ್ರಾ? ಇಲ್ಲ. ಹೊರಗೆ ಕಟ್ಟೆ ಮೇಲೆ ಕೂತು ಅತ್ತೆ. ಅದು ಬೇಡ ಅಂದ್ಲು, ಸರಿ. ಮತ್ತೇನು ಮಾಡ್ಲಿ ಅಂತ ಹೇಳಲಿಲ್ಲವಲ್ಲ? ನನ್ನ ಗಂಡನ್ನ ಕರ್ಕೊಂಡು ಹೋಗೋಕೇ ನಿಂತಿದ್ದೀಯಾ ಅಂತ ಅಮ್ಮನಿಗೇ ಬೈದೆ.

ಲೈನಲ್ಲಿ ನನ್ನ ಹಿಂದೆ ನಿಂತಿದ್ದ ಹೆಂಗಸು ಪಕ್ಕದಲ್ಲಿ ಬಂದು ಕೂತ್ಲು. ಸೆಲ್ವಿ ಅಂತ ಹೆಸರು, ಅವಳೂ ಭದ್ರಾವತಿಯವಳೇ. ಗುರುತು ಪರಿಚಯ ಏನೂ ಇಲ್ಲ. ಕೇಳಿದ್ದೇ, "ನಿಮ್ಮ ಮನೆಯವರು ಇನ್ನೂ ಡ್ಯೂಟಿಗೆ ಹೋಗ್ತಾ ಇದ್ದಾರಾಮ್ಮಾ? ಕೊನೇ ದಿನ ಆಗಿಲ್ಲ ಅಲ್ವಾ?"

"ಇಲ್ಲ, ಮುಂದಿನ ತಿಂಗಳ ಕೊನೆಗೆ."

"ಹಂಗಾದ್ರೆ ನಾಳೇನೇ ಹೋಗಿ ಆಫೀಸಲ್ಲಿ ಕೇಳಿ. ಫ್ಯಾಕ್ಟರಿಗೆ ಇನ್ಶೂರೆನ್ಸ್ ಕೊಟ್ಟಿರೋ ಕಂಪನಿ ಇದೆಯಲ್ಲ, ಅದರಲ್ಲೇ ನಿಮ್ಮ ಸ್ವಂತ ಹೆಸರಿಗೆ ಬದಲಾಯಿಸ್ಕೋಬಹುದು. ಇಷ್ಟು ವರ್ಷ ಇದ್ದಿದ್ದು ಲೆಕ್ಕಕ್ಕೆ ಬರುತ್ತೆ, ಹಳೇ ಕಾಯಿಲೆಗೆ ಮತ್ತೆ ಮೂರು ವರ್ಷ ಕಾಯೋದು ಬೇಡ. ಆದ್ರೆ ಕೆಲಸ ಬಿಡೋ ಮುಂಚೇನೇ ಅರ್ಜಿ ಕೊಡ್ಬೇಕು."

"ನಿಮಗೆ ಹೇಗೆ ಗೊತ್ತು?"

"ನಾವು ಬಿಟ್ಟ ಮೇಲೆ ಕೇಳಿದ್ವಿ" ಅಂದ್ಲು. "ಟೈಮ್ ಆಗೋಯ್ತು ಅಂದ್ರು. ನಮ್ಮವರಿಗೆ ಕಿಡ್ನಿ. ಹೋಗಿ ವರ್ಷ ಆಯ್ತು."

ಅಷ್ಟು ಹೇಳಿ ಸೆರಗು ಕೊಡವಿ ಎದ್ದಳು. ನಾನೇ ಓಡಿ ಹೋಗಿ ಫೋನ್ ನಂಬರ್ ಇಸ್ಕೊಂಡೆ.

ನಮ್ಮನೆಯವರು ಒಪ್ಪಬೇಕಲ್ಲ. "ಇಷ್ಟು ವರ್ಷ ಆ ಆಫೀಸಲ್ಲಿ ಯಾರ ಮುಂದೂ ನಿಂತು ಬೇಡಿಲ್ಲ ಮಾರಾಯ್ತಿ. ಈಗ ಹೋಗೋ ಹೊತ್ತಲ್ಲಿ ಬೇಡ್ಲಾ?"

"ನೀವು ಬೇಡಬೇಡಿ. ನಾನು ಗೇಟ್ ಹತ್ರ ಬಂದು ಕೂರ್ತೀನಿ" ಅಂದೆ. ಕೂರ್ತಾಳೆ ಅಂತ ಅವರಿಗೆ ಗೊತ್ತು. ಮಾರನೇ ದಿನ ಕೇಳ್ಕೊಂಡು ಬಂದ್ರು. ಆಫೀಸಿನ ಮೇಡಂ, "ಇದುವರೆಗೆ ಯಾರೂ ಕೇಳಿಲ್ಲ, ವಿಚಾರಿಸಿ ಹೇಳ್ತೀನಿ" ಅಂದ್ರಂತೆ. ವಿಚಾರಿಸಿದ್ರು, ಪುಣ್ಯಾತ್ಗಿತ್ತಿ. ಸೆಲ್ವಿ ಹೇಳಿದ್ದು ನಿಜ ಇತ್ತು. ಆದ್ರೆ ಒಪ್ಪೋದು ಬಿಡೋದು ಇನ್ಶೂರೆನ್ಸ್ ಕಂಪನಿ ಕೈಲಿ. ರಕ್ತ, ಇಸಿಜಿ, ಎಕೋ ಎಲ್ಲಾ ಮಾಡಿಸಿದ್ರು. ಸ್ಟೆಂಟ್, ಬಿಪಿ, ಕುಡೀತಿದ್ದ ಮಾತ್ರೆ, ಒಂದನ್ನೂ ಮುಚ್ಚಿಡಲಿಲ್ಲ. ಪ್ರೀಮಿಯಂ ಜಾಸ್ತಿ ಮಾಡಿದ್ರು, ಪ್ರತಿ ಬಿಲ್ಲಲ್ಲೂ ಒಂದು ಪಾಲು ನೀವೇ ಕಟ್ಟಬೇಕು ಅಂದ್ರು. ಆದ್ರೆ ಕೊಟ್ಟರು. ಗಿರೀಶ, "ಅತ್ತಿಗೆ, ಸುಮ್ನೆ ದುಡ್ಡು ಸುರೀತಿದ್ದೀರಿ" ಅಂತ ಮುಖ ಊದಿಸ್ಕೊಂಡ.

ಇಲ್ಲಿಗೆ ಮುಗಿದಿದ್ರೆ ನಾನು ಇದನ್ನ ಬರೀತಿರಲಿಲ್ಲ.

ಶಾಲು ಹಾರ ಹಾಕಿಸ್ಕೊಂಡು ಮನೆಗೆ ಬಂದು ನಾಲ್ಕು ತಿಂಗಳೂ ಆಗಿರಲಿಲ್ಲ. ಬೆಳಿಗ್ಗೆ ತಿಂಡಿಗೆ ಕೂತವರು ಎದೆ ಹಿಡ್ಕೊಂಡು ಹಾಗೇ ಪಕ್ಕಕ್ಕೆ ವಾಲಿದ್ರು. ಭದ್ರಾವತೀಲಿ ಇಂಜೆಕ್ಷನ್ ಕೊಟ್ಟು ಶಿವಮೊಗ್ಗಕ್ಕೆ ಕಳಿಸಿದ್ರು. ಆಂಬುಲೆನ್ಸಲ್ಲಿ ಅವರ ಕೈ ತಣ್ಣಗಿತ್ತು. ನಾನು ಅಮ್ಮನ ಹೆಸರು ಬಿಟ್ಟು ಬೇರೇನೂ ಹೇಳಲಿಲ್ಲ, ಅದೂ ಸರಿಯಾಗಿ ಬಾಯಿಗೆ ಬರ್ತಿರಲಿಲ್ಲ.

ಇವರು ಒಳಗೆ. ನಾನು ಇನ್ಶೂರೆನ್ಸ್ ಕೌಂಟರ್ ಮುಂದೆ. ಅಲ್ಲಿದ್ದವನು ಕಂಪ್ಯೂಟರ್ ನೋಡ್ಕೊಂಡೇ ಕೇಳಿದ. "ಅಮ್ಮಾ, ಇವರಿಗೆ ಮುಂಚೆ ಸ್ಟೆಂಟ್ ಹಾಕಿದೆ ಅಂತ ಡಾಕ್ಟರ್ ಬರ್ದಿದ್ದಾರೆ. ಪಾಲಿಸಿ ಮಾಡಿಸೋವಾಗ ಹೇಳಿದ್ರಾ? ಕಂಪನಿಯವರು ಕೇಳ್ತಿದ್ದಾರೆ."

ಗಿರೀಶ ನನ್ನ ಪಕ್ಕದಲ್ಲೇ ನಿಂತಿದ್ದ. ನೆಲ ನೋಡ್ತಿದ್ದ.

"ಎಲ್ಲಾ ಹೇಳಿದೀವಿ" ಅಂದೆ. ಆದ್ರೂ ಅವರು ಇಲ್ಲ ಅಂದ್ಬಿಟ್ರೆ? ಮಧ್ಯಾಹ್ನ ಆಯ್ತು, ಊಟ ಇಲ್ಲ, ನೀರಿಲ್ಲ. ಅದೇ ಕೌಂಟರಲ್ಲಿ ಒಬ್ಬ ಯಜಮಾನರಿಗೆ, "ಹಳೇ ಕಾಯಿಲೆ ಹೇಳಿಲ್ಲ, ಆಗಲ್ಲ" ಅಂದಿದ್ದು ಕೇಳಿಸ್ತು. ಅವರು ಮೂಲೇಲಿ ಹೋಗಿ ಕೂತ್ರು. ಆ ಮುಖ ಇವತ್ತಿಗೂ ಕಣ್ಣ ಮುಂದೆ ಬರುತ್ತೆ.

ಸಂಜೆ ನಮ್ಮದು ಒಪ್ಪಿಗೆ ಬಂತು.

ಉಳಿದ್ರು. ಆದ್ರೆ ಹಳೇ ಮನುಷ್ಯ ವಾಪಸ್ ಬಂದ್ರು ಅಂತ ಬರೆದ್ರೆ ಅಮ್ಮ ಮೆಚ್ಚಲ್ಲ. ಹಾರ್ಟ್ ಅರ್ಧಕ್ಕರ್ಧ ಸೋತಿದೆ ಅಂದಿದ್ದಾರೆ ಡಾಕ್ಟರು. ಬಾಗಿಲಿಂದ ರಸ್ತೆವರೆಗೆ ನಡೆದ್ರೆ ಉಬ್ಬಸ. ಸ್ನಾನಕ್ಕೆ ಸ್ಟೂಲ್ ಇಟ್ಟಿದ್ದೀನಿ.

ಸೆಲ್ವಿ ನೋಡ್ಕೊಂಡು ಹೋಗೋಕೆ ಮನೆಗೆ ಬಂದಿದ್ಲು. ಕಾಫಿ ಕೊಡ್ತಾ ತಡೀಲಾರ್ದೆ ಕೇಳಿದೆ. "ನೀವೂ ಇದೇ ಅಮ್ಮನಿಗೆ ನಡ್ಕೊಂಡೋರು. ನಿಮಗೆ ಅವಳ ಮೇಲೆ ಸಿಟ್ಟಿಲ್ವಾ?"

"ಇಲ್ದೆ ಏನು? ಬೇಕಾದಷ್ಟಿದೆ" ಅಂದ್ಲು. "ಅದಕ್ಕೇ ವಾರ ವಾರ ಹೋಗ್ತೀನಿ. ಬೇರೆ ಯಾರ ಹತ್ರ ಜಗಳ ಆಡ್ಲಿ?"

ನನಗೆ ಕೊಟ್ಟು ಅವಳಿಗೆ ಯಾಕೆ ಕೊಡಲಿಲ್ಲ ಅಂತ ಕಾಮೆಂಟಲ್ಲಿ ಕೇಳಬೇಡಿ. ನನಗೆ ಗೊತ್ತಿಲ್ಲ. ಅಮ್ಮ ಅವಳ ಬಾಯಲ್ಲಿ ಬಂದು ನನಗೆ ದಾರಿ ಹೇಳಿದ್ಲು, ಅಷ್ಟು ಗೊತ್ತು. ಅವಳ ನೋವಿಂದ ನನ್ನ ಮನೆ ಉಳೀತು. ಇದನ್ನ ಬರೀವಾಗ ಕೈ ಮುಗಿಯೋಕೂ ಒಂಥರಾ ಸಂಕಟ ಆಗುತ್ತೆ. ಆದ್ರೂ ಮುಗೀತೀನಿ.

ಮನೇಲಿ ರಿಟೈರ್ ಆಗೋರು ಇದ್ರೆ ಕೆಲಸ ಬಿಡೋ ಮುಂಚೆ ಆಫೀಸಲ್ಲಿ ಕೇಳಿ. ಕಾಯಿಲೆ ಮುಚ್ಚಿಡಬೇಡಿ. ಅಮ್ಮನಿಗೂ ಹೇಳ್ಕೊಳ್ಳಿ.

ಇವತ್ತು ಬೆಳಿಗ್ಗೆ ಇವರಿಗೆ ಗಂಜಿ ಕೊಟ್ಟೆ. ಡಾಕ್ಟರ್ ಉಪ್ಪು ಬೇಡ ಅಂದಿದ್ದಾರೆ. ಒಂದು ಗುಟುಕು ಕುಡಿದು, "ಥೂ, ಇದೇನೇ ಇದು, ದನಾನೂ ಮೂಸಲ್ಲ" ಅಂತ ಬೈದ್ರು. ಬೈಸ್ಕೊಂಡು ಒಳಗೆ ಹೋಗಿ ಅಮ್ಮನ ಮುಂದೆ ದೀಪ ಹಚ್ಚಿದೆ.