ಆರು ಗಂಟೆ ಕೆಲಸ ಮಾಡಿದ ಮಾತ್ರೆ

ಪರಿಗಿಯ ಗೌರಕ್ಕನಿಗೆ ಮೂರ್ಛೆ ಬರುವುದು ಬೆಳಕಿನಿಂದ ಎಂದು ಮೊದಲು ಕಂಡುಕೊಂಡವಳು ಅವಳೇ. ಹಿಂದೂಪುರದ ರೇಷ್ಮೆ ನೂಲಿನ ಕಾರ್ಖಾನೆಯಲ್ಲಿ ಕೆಟ್ಟ ಟ್ಯೂಬ್‌ಲೈಟ್ ಮಿಟುಕಿದರೆ ಸಾಕು, ಕೈ ಎಗರಿ ಹಿಡಿದ ಎಳೆ ಹರಿಯುತ್ತಿತ್ತು. ಕಲ್ಯಾಣದುರ್ಗದ ಸೈಕಲ್ ಅಂಗಡಿಯ ಚೆನ್ನಕೇಶವನನ್ನು ಮದುವೆಯಾದ ಎರಡನೇ ತಿಂಗಳು ಇಬ್ಬರೂ ಬಸ್ಸಿನಲ್ಲಿ ಹೋಗುತ್ತಿದ್ದರು. ಸಾಲುಮರಗಳ ನಡುವಿಂದ ಇಳಿಬಿಸಿಲು ಕಣ್ಣಿಗೆ ಬಡಿಬಡಿದು, ಮೂರ್ಛೆ ದೊಡ್ಡದಾಗಿಯೇ ಬಂತು. ಎಚ್ಚರವಾದಾಗ ಅವಳು ಬಸ್ಸಿನ ನೆಲದ ಮೇಲಿದ್ದಳು. ಅಂಗೈಯಲ್ಲಿ ಯಾರೋ ಬೀಗದ ಕೈ ತುರುಕಿದ್ದರು. ಗಂಡ ಎರಡು ಸೀಟು ಹಿಂದೆ ನಿಂತಿದ್ದ.

“ಪೂರ್ತಿ ವಾಸಿಯಾದ್ಮೇಲೆ ಬಾ,” ಎಂದು ವಾರದೊಳಗೆ ತವರಿಗೆ ಬಿಟ್ಟುಹೋದ.

೧೯೮೮ರಲ್ಲಿ ತಮ್ಮ ಆದಿನಾರಾಯಣ ಅವಳನ್ನು ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಕರೆದೊಯ್ದ. ಅಲ್ಲಿನ ಡಾಕ್ಟರ್ ಶಂಕರಯ್ಯ ನೋಡಿ, ಬೆಳಕಿನಿಂದ ಮೂರ್ಛೆ ಬರುವವರು ಕಡಿಮೆ, ಅಂಥವರ ಮೇಲೆ ಹೊಸ ಮಾತ್ರೆಯೊಂದನ್ನು ಪರೀಕ್ಷಿಸುತ್ತಿದ್ದೇವೆ ಎಂದರು.

“ಎರಡು ದಿನ ಇರಬೇಕಮ್ಮ. ಒಂದು ದಿನ ಹೊಸ ಮಾತ್ರೆ, ಇನ್ನೊಂದು ದಿನ ಔಷಧಿ ಇಲ್ಲದ ಬರೀ ಹಿಟ್ಟಿನ ಮಾತ್ರೆ. ಯಾವತ್ತು ಯಾವುದು ಅಂತ ನನಗೂ ಗೊತ್ತಿರಲ್ಲ. ಗಂಟೆಗೊಂದು ಸಲ ಕಣ್ಣ ಮುಂದೆ ದೀಪ ಮಿಟುಕಿಸಿ ಮೆದುಳಿನ ಅಲೆ ನೋಡ್ತೀವಿ. ಇದರಿಂದ ನಿಮಗೆ ವಾಸಿಯಾಗುತ್ತೆ ಅಂತ ಹೇಳಲ್ಲ.”

“ಬ್ಯಾಡ ಬಿಡಕ್ಕ,” ಎಂದ ತಮ್ಮ. “ಬೇಕೂಂತ ಮೂರ್ಛೆ ಬರಿಸ್ಬುಟ್ರೆ?”

“ಬಿಸ್ಲು ಆರ್ಸೋಕಾಯ್ತದಾ? ಇಲ್ಲಿ ದೀಪನಾದ್ರೂ ಆರುಸ್ತಾರೆ ಕಣಪ್ಪ,” ಎಂದು ಗೌರಕ್ಕ ಸಹಿ ಹಾಕಿದಳು.

ಮೊದಲ ದಿನ ಮಾತ್ರೆ ನುಂಗಿ, ತಲೆತುಂಬ ತಂತಿ ಅಂಟಿಸಿಕೊಂಡು ಕೂತಳು. ಪ್ರತಿ ಸಲವೂ ದೀಪ ಮಿಟುಕಿದ ಕೂಡಲೇ ಕಾಗದದ ಮೇಲೆ ಗೆರೆಗಳು ಮುಳ್ಳುಮುಳ್ಳಾಗಿ ಏಳುತ್ತಿದ್ದವು, ನರ್ಸ್ ದೀಪ ನಿಲ್ಲಿಸುತ್ತಿದ್ದಳು. ಮಧ್ಯಾಹ್ನಕ್ಕೆ ವಾಕರಿಕೆ, ಸುಮ್ಮಸುಮ್ಮನೆ ಅಳು. ಎರಡನೇ ದಿನ ಮಾತ್ರೆ ನುಂಗಿ ಎರಡು ಗಂಟೆ ಕಳೆದ ಮೇಲೆ ದೀಪ ಎಷ್ಟು ಜೋರಾಗಿ ಮಿಟುಕಿದರೂ ಏನೂ ಆಗಲಿಲ್ಲ. ಆರು ಗಂಟೆ ಹಾಗೇ ಇತ್ತು. ಮೂರ್ಛೆ ಶುರುವಾದ ಹದಿನಾರನೇ ವಯಸ್ಸಿನಿಂದೀಚೆಗೆ ಮೊದಲ ಬಾರಿ ಅವಳು ಬೆಳಕನ್ನು ದಿಟ್ಟಿಸಿದಳು.

“ಇದೇ ಸಾರ್ ನಂಗೆ ಬೇಕಾದ್ದು. ಇದ್ನೇ ಕೊಡಿ, ಊರಿಗೆ ಹೋಯ್ತೀನಿ.”

ಡಾಕ್ಟರು ಔಷಧಿ ಚೀಟಿ ಎಳೆದುಕೊಂಡರು. “ಕೊಡೋ ಹಾಗಿಲ್ಲಮ್ಮ. ಇದಿನ್ನೂ ಪರೀಕ್ಷೆಯಲ್ಲೇ ಇದೆ.” ಹಳೆಯ ಮಾತ್ರೆಯೊಂದನ್ನು ಬರೆದುಕೊಟ್ಟರು.

ಅದರಿಂದ ಮೂರ್ಛೆ ಕಡಿಮೆಯಾಯಿತು, ನಿಲ್ಲಲಿಲ್ಲ. ಮೈ ಊದಿತು, ಕೂದಲು ಉದುರಿತು. ಚೆನ್ನಕೇಶವ ಒಮ್ಮೆ ಬಂದು ವಾಸಿಯಾಯಿತೇ ಎಂದು ಕೇಳಿದ. ಹೂಂ ಎನ್ನಬಹುದಿತ್ತು. “ಕಮ್ಮಿ ಆಗೈತೆ,” ಎಂದಳು. ಅವನು ಕಾಫಿ ಕುಡಿದು ಹೋದವನು ಮತ್ತೆ ಬರಲಿಲ್ಲ.

ಪರಿಗಿಯಲ್ಲೇ ರೇಷ್ಮೆಗೂಡು ಆರಿಸುವ ಕೆಲಸಕ್ಕೆ ಸೇರಿದಳು. ಆ ಮಾತ್ರೆಯನ್ನು ಕೇಳಿ ಡಾಕ್ಟರಿಗೆ ಕಾರ್ಡು ಬರೆಯುತ್ತಲೇ ಇದ್ದಳು. ಓದಿದ್ದು ತೆಲುಗು ಶಾಲೆಯಾದ್ದರಿಂದ ಕಾರ್ಡುಗಳೂ ತೆಲುಗಿನಲ್ಲೇ. ಎರಡು ವರ್ಷದ ಮೇಲೆ ಉತ್ತರ ಬಂತು. ಆ ಹೊಸ ಮಾತ್ರೆಯನ್ನು ತಿಂಗಳುಗಟ್ಟಲೆ ತೆಗೆದುಕೊಂಡ ಕೆಲವರ ಲಿವರ್ ಕೆಟ್ಟಿದೆ, ಕಂಪನಿ ಮಾತ್ರೆಯನ್ನು ಕೈಬಿಟ್ಟಿದೆ, ಒಂದೇ ದಿನ ನುಂಗಿದ ನಿಮಗೆ ಭಯವಿಲ್ಲ ಎಂದಿತ್ತು.

“ಸದ್ಯ, ನೀನು ಉಳ್ಕಂಡೆ ಬಿಡಕ್ಕ,” ಎಂದ ಆದಿನಾರಾಯಣ.

ಗೌರಕ್ಕನಿಗೆ ಸಮಾಧಾನವಾಗಲಿಲ್ಲ. ತಾನು ಬೇಡಿದ್ದು ಬೇರೆ ಯಾರಿಗೋ ಸಿಕ್ಕಿತ್ತು. ಅವರೂ ಬೆಳಕನ್ನು ಹೆದರದೆ ನೋಡಿರಬೇಕು. ಅವರೆಲ್ಲ ಯಾವೂರಿನವರು, ಈಗ ಹೇಗಿದ್ದಾರೆ ಎಂದು ಇನ್ನೊಂದು ಕಾರ್ಡು ಬರೆದಳು. ಉತ್ತರ ಬರಲಿಲ್ಲ. ಮತ್ತೆ ಬರೆದಳು. ಆ ಡಾಕ್ಟರು ಈಗ ಇಲ್ಲಿಲ್ಲ ಎಂದು ಬೇರೆ ಯಾರದೋ ಕೈಬರಹದಲ್ಲಿ ಎರಡು ಸಾಲು ಬಂತು.